ಹೊಳೆಯದ ಚುಕ್ಕಿ

ಜೋಸ್ ಹಿತ್ತಲಿನಿಂದ ಗೋಡೆ ಹಿಡಿದುಕೊಂಡು ಬಂದವನು ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟ.

"ರೋಸಿಲೀ, ಮೂತ್ರ ಕಪ್ಪಗೆ ಹೋಗ್ತಾ ಉಂಟು."

ಒಲೆಗೆ ಸೌದೆ ತುರುಕುತ್ತಿದ್ದ ರೋಸಿಲಿ ತಿರುಗಿ ನೋಡಿದಳು. ಗಂಡನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಬಿಳಿಭಾಗ ಅರಸಿನ ಕಲಸಿದ ಹಾಗೆ ಕಾಣುತ್ತಿತ್ತು. ಹತ್ತು ಹೆಜ್ಜೆ ನಡೆದದ್ದಕ್ಕೇ ಅವನು ಏದುಸಿರು ಬಿಡುತ್ತಿದ್ದ. ಅವಳು ಹಿತ್ತಲಿಗೆ ಓಡಿ ನೋಡಿದಳು. ಕಲ್ಲಿನ ಮೇಲೆ ಹಾಲು ಹಾಕದ ಚಾಯ ಚೆಲ್ಲಿದಂತಿತ್ತು.

ಜೋಸ್‌ಗೆ ಜ್ವರ ಹಿಡಿದು ವಾರವಾಗಿತ್ತು. ಸೈಕಲ್ಲಿನಲ್ಲಿ ಊರೂರು ತಿರುಗಿ ಗಾಜಿನ ತುಂಡಿನ ಮೇಲೆ ರಕ್ತ ತೆಗೆಯುವ ಮಲೇರಿಯಾದ ಸುಂದರ ಬಂದು ನೋಡಿ, ಎರಡು ಬಗೆಯ ಮಾತ್ರೆ ಕೊಟ್ಟು ಹೋಗಿದ್ದ. ಬಿಳಿಯದು ಜ್ವರ ಇಳಿಸಲು. ಕಂದು ಬಣ್ಣದ ಸಣ್ಣದು, ಜ್ವರ ಮತ್ತೆ ಮರುಕಳಿಸದಿರಲು. ಜ್ವರವೇನೋ ಇಳಿದಿತ್ತು. ಅದರ ಬೆನ್ನಿಗೇ ಇದು ಶುರುವಾಗಿತ್ತು.

ಮಾವ ಚೆರಿಯನ್ ರಬ್ಬರ್ ತೋಟದಿಂದ ಬಂದವರು ಮಗನನ್ನು ನೋಡಿ ಕೈಯಲ್ಲಿದ್ದ ಕತ್ತಿಯನ್ನು ಅಂಗಳದಲ್ಲೇ ಹಾಕಿದರು. ಕೇರಳದ ಪಾಲಾ ಕಡೆಯಿಂದ ಬಂದು ಕಡಬದ ಆಚೆಯ ಈ ಗುಡ್ಡವನ್ನು ಕಡಿದು ತೋಟ ಮಾಡಿದ ಮನುಷ್ಯ. ಹುಲಿಗೂ ಹೆದರಿದವರಲ್ಲ ಎಂದು ಊರಲ್ಲಿ ಹೇಳುವುದುಂಟು. ಅವರು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ಎಂತ ತಿಂದದ್ದು ಇವನು?"

"ಗಂಜಿ, ಅಪ್ಪಚ್ಚಾ. ಮತ್ತೆ ಮಾತ್ರೆ. ಮತ್ತೆ..." ಅವಳ ಸ್ವರ ಇಳಿಯಿತು. "ಕಿರಾತಕಡ್ಡಿ ಕಷಾಯ."

"ಕಿರಾತಕಡ್ಡಿ ಎಲ್ಲಿಂದ?"

"ಕೆಳಗಿನ ಮನೆಯ ಅಪ್ಪಿ ಕೊಟ್ಟದ್ದು. ಜ್ವರಕ್ಕೆ ಒಳ್ಳೇದು ಅಂತ."

ಅಷ್ಟು ಸಾಕಾಯಿತು. ಅಪ್ಪಿಯ ಗಂಡ ಬೋಜನಿಗೂ ಚೆರಿಯನ್ನರಿಗೂ ಕಳೆದ ಬೇಸಿಗೆಯಲ್ಲಿ ತೋಡಿನ ನೀರಿನ ವಿಷಯಕ್ಕೆ ಜಗಳವಾಗಿ ಮಾತು ನಿಂತಿತ್ತು. ಹೆಂಗಸರು ಮಾತ್ರ ತೋಡಿನ ಬದಿಯಲ್ಲಿ ಬಟ್ಟೆ ಒಗೆಯುತ್ತಾ ಮೊದಲಿನ ಹಾಗೇ ಮಾತಾಡುತ್ತಿದ್ದರು. ಚೆರಿಯನ್ ಅಂಗಳದ ತುದಿಗೆ ಹೋಗಿ ಕೆಳಗಿನ ಮನೆಗೆ ಕೇಳುವಂತೆ ಕೂಗಿದರು.

"ನನ್ನ ಮಗನಿಗೆ ಎಂತ ಕುಡಿಸಿದ್ದು ನೀವು? ಅವನಿಗೆ ಏನಾದ್ರೂ ಆದ್ರೆ ನಿಮ್ಮನ್ನು ಸುಮ್ಮನೆ ಬಿಡುದಿಲ್ಲ."

ಮಗುವನ್ನು ಎತ್ತಿಕೊಂಡಿದ್ದ ಅಪ್ಪಿ ಅಂಗಳದಲ್ಲಿ ನಿಂತು ಮೇಲೆ ನೋಡಿದಳು. ಯಾರಿಗೆ ಹೇಳಿದ್ದು ಎಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಜೀಪಿನ ಹಿಂದುಗಡೆ ಜೋಸ್‌ನನ್ನು ಮಲಗಿಸಿ ಪುತ್ತೂರಿಗೆ ಹೊರಟರು. ಅತ್ತೆ ಸಿಸಿಲಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜಪಮಾಲೆ ಎಣಿಸುತ್ತಿದ್ದರು. ರೋಸಿಲಿಗೆ ಪ್ರಾರ್ಥನೆಯ ಮಾತೇ ನೆನಪಾಗಲಿಲ್ಲ. ಕಷಾಯ ಕುದಿಸಿದ್ದು ತಾನು. ಆ ಕಟ್ಟಿನಲ್ಲಿ ಬೇರೆ ಯಾವುದಾದರೂ ಬೇರು ಸೇರಿತ್ತೇ? ಕತ್ತಲೆಯ ಅಡುಗೆಮನೆಯಲ್ಲಿ ತಾನು ಸರಿಯಾಗಿ ನೋಡಿದ್ದೆನೇ? ಮತ್ತೆ ಮತ್ತೆ ಆ ಕಟ್ಟನ್ನು ಮನಸ್ಸಿನಲ್ಲೇ ಬಿಚ್ಚಿ ನೋಡುತ್ತಿದ್ದಳು.

ಪುತ್ತೂರಿನ ಆಸ್ಪತ್ರೆಯಲ್ಲಿದ್ದದ್ದು ಈಶ್ವರಿ ಎಂಬ ಹೊಸ ಡಾಕ್ಟರು. ಮೂವತ್ತು ದಾಟಿರದ ಹೆಂಗಸು, ಸಣ್ಣ ಸ್ವರ. ಜೋಸ್‌ನ ಕಣ್ಣರೆಪ್ಪೆ ಎಳೆದು ನೋಡಿ, ಮೂತ್ರವನ್ನು ಬೆಳಕಿಗೆ ಹಿಡಿದು ನೋಡಿ, ಮೊದಲು ಕೇಳಿದ ಪ್ರಶ್ನೆಯೇ ಬೇರೆ.

"ಮಲೇರಿಯಾ ಮಾತ್ರೆ ಕೊಟ್ಟಿದ್ದೀರಾ? ಕಂದು ಬಣ್ಣದ್ದು?"

"ಕೊಟ್ಟಿದ್ದೇನೆ ಡಾಕ್ಟ್ರೆ. ಇವತ್ತಿನದ್ದು ಇನ್ನೂ ಕೊಟ್ಟಿಲ್ಲ."

"ಕೊಡಬೇಡಿ. ಇನ್ನು ಯಾವತ್ತೂ ಕೊಡಬೇಡಿ."

ರಕ್ತ ಅರ್ಧಕ್ಕಿಂತ ಕಡಿಮೆಯಾಗಿದೆ, ಈಗಲೇ ಕೊಡಬೇಕು ಎಂದರು. ಚೆರಿಯನ್ನರ ರಕ್ತದ ಗುಂಪು ಮಗನದ್ದಕ್ಕೆ ಹೊಂದಿತು. ಅವರು ಅಂಗಿಯ ತೋಳು ಮಡಚಿ ಮಲಗಿ ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡೇ ಎದ್ದು ಬಂದರು. ಅಷ್ಟರಲ್ಲಿ ಡಾಕ್ಟರು ಜೋಸ್‌ನದ್ದೊಂದು ಹನಿ ರಕ್ತವನ್ನು ಬೇರೆಯಾಗಿ ತೆಗೆದಿಟ್ಟಿದ್ದರು.

"ನಮ್ಮ ರಕ್ತದ ಕಣಗಳೊಳಗೆ ಕಾವಲಿಗೆ ಒಂದು ವಸ್ತು ಉಂಟು," ಎಂದು ಅವರು ರೋಸಿಲಿಗೇ ವಿವರಿಸಿದರು. "ಕೆಲವರಿಗೆ ಹುಟ್ಟುವಾಗಲೇ ಅದು ಕಡಿಮೆ ಇರ್ತದೆ. ಅವರಿಗೆ ಗೊತ್ತೇ ಆಗುದಿಲ್ಲ, ಎಲ್ಲರ ಹಾಗೇ ಇರ್ತಾರೆ. ಆದರೆ ಈ ಮಾತ್ರೆ ಒಳಗೆ ಹೋದರೆ ಕಣಗಳು ಒಡೆದು ಹೋಗ್ತವೆ. ಸಾವಿರಾರು ಜನಕ್ಕೆ ಒಳ್ಳೆಯದು ಮಾಡುವ ಮಾತ್ರೆ ಇವರಿಗೆ ಮಾತ್ರ ಆಗುದಿಲ್ಲ."

"ಅದು ಹೌದೋ ಅಲ್ಲವೋ ಅಂತ ತಿಳಿಯುದು ಹೇಗೆ?"

"ಅದಕ್ಕೊಂದು ಹೊಸ ಪರೀಕ್ಷೆ ಬಂದಿದೆ. ನಾನು ಮಂಗಳೂರಿನಲ್ಲಿ ಒಂದು ವರ್ಷ ಅದನ್ನೇ ಕಲಿತದ್ದು."

ಮಂಜುಗಡ್ಡೆಯ ಫ್ಲಾಸ್ಕಿನಿಂದ ಡಾಕ್ಟರು ಒಂದು ಸಣ್ಣ ಸೀಸೆ ತೆಗೆದರು. ಅದರ ದ್ರವಕ್ಕೆ ಜೋಸ್‌ನ ರಕ್ತ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಸೋಸುವ ಕಾಗದದ ಮೇಲೆ ಒಂದು ಚುಕ್ಕಿ ಇಟ್ಟರು. ಅದರ ಪಕ್ಕದಲ್ಲಿ, ಹೋಲಿಸಿ ನೋಡಲು, ತಮ್ಮದೇ ಬೆರಳಿನ ರಕ್ತದ್ದೊಂದು ಚುಕ್ಕಿ. ಕಿಟಕಿಗೆ ಕಂಬಳಿ ಹಾಕಿದ ಕೋಣೆಯಲ್ಲಿ, ಚರ್ಮರೋಗ ನೋಡಲು ಇಟ್ಟಿದ್ದ ನೇರಳೆ ದೀಪವನ್ನು ಹಚ್ಚಿದರು. "ಆ ವಸ್ತು ಇದ್ದರೆ ಚುಕ್ಕಿ ನೀಲಿಯಾಗಿ ಹೊಳೀತದೆ. ಇಲ್ಲದಿದ್ದರೆ ಕಪ್ಪಾಗಿಯೇ ಇರ್ತದೆ."

ಡಾಕ್ಟರ ಚುಕ್ಕಿ ಹೊಳೆಯಿತು. ಜೋಸ್‌ನದ್ದೂ ಹೊಳೆಯಿತು. ಸ್ವಲ್ಪ ಮಂಕಾಗಿ, ಆದರೆ ಹೊಳೆದದ್ದು ನಿಜ.

ಚೆರಿಯನ್ ದೀರ್ಘವಾಗಿ ಉಸಿರು ಬಿಟ್ಟರು. "ಹಾಗಾದ್ರೆ ಮಾತ್ರೆ ಅಲ್ಲ. ವಿಷವೇ."

"ತಡೀರಿ," ಎಂದರು ಡಾಕ್ಟರು. "ಆ ವಸ್ತು ಕಡಿಮೆ ಇದ್ದ ಹಳೇ ಕಣಗಳೆಲ್ಲ ಆಗಲೇ ಒಡೆದು ಹೋಗಿವೆ. ಈಗ ಉಳಿದದ್ದು ಹೊಸತಾಗಿ ಹುಟ್ಟಿದವು. ಅವುಗಳಲ್ಲಿ ಸ್ವಲ್ಪ ಇರ್ತದೆ. ಅದಕ್ಕೇ ಈ ಹೊತ್ತಿನಲ್ಲಿ ರೋಗಿಯ ರಕ್ತವನ್ನು ನಂಬುವ ಹಾಗಿಲ್ಲ. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುದು. ಅಮ್ಮಾ, ನಿಮ್ಮ ಅಣ್ಣತಮ್ಮಂದಿರಿಗೆ ಯಾರಿಗಾದ್ರೂ ಹೀಗೆ ಆದದ್ದುಂಟಾ?"

"ಇಲ್ಲ," ಎಂದರು ಸಿಸಿಲಿ. ತುಂಬಾ ಬೇಗ ಹೇಳಿದರು. ಜಪಮಾಲೆ ಸೆರಗಿನೊಳಗೆ ಹೋಯಿತು.

"ತಾಯಿಯ ರಕ್ತ ಅರ್ಧಂಬರ್ಧ ಹೊಳೆದು ಗೊಂದಲ ಆಗ್ತದೆ. ಇವರಿಗೆ ತಮ್ಮ ಇದ್ದಾನಾ? ಮಾತ್ರೆ ತಿನ್ನದವನ ರಕ್ತವಾದ್ರೆ ಸರಿಯಾಗಿ ತಿಳೀತದೆ."

ಇದ್ದ. ಮೈದುನ ಮಾಥ್ಯೂ ಮನೆಯಲ್ಲಿ ಚಾಪೆಯ ಮೇಲೆ ಜ್ವರದಲ್ಲಿ ಮಲಗಿದ್ದ. ಅವನ ರಕ್ತವನ್ನೂ ಸುಂದರ ತೆಗೆದುಕೊಂಡು ಹೋಗಿದ್ದ. ಇವತ್ತು ಮಧ್ಯಾಹ್ನದ ಮೇಲೆ ಮಾತ್ರೆ ತರುತ್ತೇನೆ ಎಂದಿದ್ದ.

"ಅಪ್ಪಚ್ಚಾ, ಮಾಥ್ಯೂಗೆ ಮಾತ್ರೆ ಕೊಡುದು ಬೇಡ. ಅವನನ್ನು ಇಲ್ಲಿಗೆ ಕರ್ಕೊಂಡು ಬನ್ನಿ."

"ಚುಕ್ಕಿ ಹೊಳೆದದ್ದು ನಾನು ಕಣ್ಣಾರೆ ನೋಡಿದ್ದೇನೆ. ಜ್ವರದಲ್ಲಿ ಬಿದ್ದ ಹುಡುಗನಿಗೆ ಮದ್ದು ಬೇಡ ಅನ್ನುದಾ? ನಾನು ಆ ಕಷಾಯದ ಪಾತ್ರೆ ತೆಗೆದುಕೊಂಡು ಠಾಣೆಗೆ ಹೋಗ್ತೇನೆ."

ಜೀಪು ಧೂಳೆಬ್ಬಿಸಿ ಹೋಯಿತು.

ರೋಸಿಲಿ ಗಂಡನ ಹಾಸಿಗೆಯ ಬಳಿ ನಿಂತಳು. ಮಾವನ ರಕ್ತ ಹನಿಹನಿಯಾಗಿ ಅವನ ತೋಳಿಗೆ ಇಳಿಯುತ್ತಿತ್ತು. ಈಗ ಇವನನ್ನು ಬಿಟ್ಟು ಹೋದರೆ, ಬರುವಷ್ಟರಲ್ಲಿ ಏನಾದರೂ ಆಗಿಬಿಟ್ಟರೆ? ಹೋಗದಿದ್ದರೆ, ಇಂಥದೇ ಇನ್ನೊಂದು ಹಾಸಿಗೆ. "ಮಾಥ್ಯೂನದ್ದು ಹೊಳೆಯದೇ ಇರ್ತದೆ ಅಂತ ನಿಮಗೆ ಗ್ಯಾರಂಟಿ ಉಂಟಾ ಡಾಕ್ಟ್ರೆ?"

"ಇಲ್ಲ. ಅಣ್ಣನಿಗೆ ಇದ್ದರೂ ತಮ್ಮನಿಗೆ ಇಲ್ಲದೇ ಇರಬಹುದು. ಹೊಳೆದರೆ ನನಗೆ ಹೇಳಲಿಕ್ಕೆ ಏನೂ ಉಳಿಯುದಿಲ್ಲ."

ಅವಳು ಬಸ್ಸು ಹತ್ತಿದಳು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸುವಾಗ, ಒಬ್ಬ ವಕೀಲರ ಮನೆಯೆದುರು ಮಾವನ ಜೀಪು ನಿಂತಿರುವುದು ಕಂಡಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಡಬದ ಬಸ್ಸಿನಲ್ಲಿ ಕುಳಿತಳು. ಆಲಂಕಾರಿನಲ್ಲಿ ಡ್ರೈವರ್ ಚಾಯಕ್ಕೆ ಇಳಿದ. ಅವನು ಗ್ಲಾಸಿಗೆ ಊದಿ ಊದಿ ಕುಡಿಯುವುದನ್ನು ನೋಡಲಾರದೆ ಅವಳು ಕಣ್ಣು ಮುಚ್ಚಿಕೊಂಡಳು.

ಗುಡ್ಡ ಹತ್ತಿ ಮನೆ ತಲುಪುವಾಗ ಜಗಲಿಗೆ ಸುಂದರನ ಸೈಕಲ್ ಒರಗಿತ್ತು. ಮಾಥ್ಯೂ ಕಂಬಳಿ ಹೊದ್ದು ಕುಳಿತಿದ್ದ. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ.

"ತಿನ್ನಬೇಡ. ಕಂದು ಮಾತ್ರೆ ತಿನ್ನಬೇಡ ಮಾಥ್ಯೂ."

ಸುಂದರ ಗಾಬರಿಯಾದ. "ಎಂತ ಅಕ್ಕ, ಇದು ಸರ್ಕಾರದ ಮಾತ್ರೆ. ಪಂಜದಿಂದ ಇಲ್ಲಿಯವರೆಗೆ ಎಷ್ಟು ಜನಕ್ಕೆ ಕೊಟ್ಟಿದ್ದೇನೆ. ಒಬ್ಬರಿಗೂ ಏನೂ ಆಗ್ಲಿಲ್ಲ."

"ನಿಮ್ಮದು ತಪ್ಪು ಅಂತ ನಾನು ಹೇಳುದಿಲ್ಲ. ಇವರ ರಕ್ತ ಬೇರೆ ಇರಬಹುದು ಅಂತ ಡಾಕ್ಟ್ರು ಹೇಳಿದ್ದಾರೆ." ಹೇಳಿ ಮುಗಿಸುವಷ್ಟರಲ್ಲಿ ಜೀಪಿನ ಸದ್ದು ಕೇಳಿತು.

ಚೆರಿಯನ್ ಸೊಸೆಯನ್ನು ನೋಡಿದರು. "ಗಂಡನನ್ನು ಬಿಟ್ಟು ಬಂದೆಯಾ?"

ಅವರು ನೇರ ಒಳಗೆ ಹೋಗಿ, ಅಡಿಯಲ್ಲಿ ಕಷಾಯ ಉಳಿದಿದ್ದ ಪಾತ್ರೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಗೆ ಬಂದರು. ಮಾಥ್ಯೂನ ಅಂಗೈ ನೋಡಿ, "ಮಾತ್ರೆ ತಿನ್ನು," ಎಂದರು.

ಮಾಥ್ಯೂ ಅಪ್ಪನನ್ನೂ ಅತ್ತಿಗೆಯನ್ನೂ ನೋಡಿದ. ಅಪ್ಪನ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ.

"ಅಪ್ಪಚ್ಚಾ," ರೋಸಿಲಿ ಮೆಟ್ಟಿಲಿಗೆ ಅಡ್ಡ ನಿಂತಳು. ಈ ಮನೆಗೆ ಬಂದಂದಿನಿಂದ ಅವರೆದುರು ಇಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದಿಲ್ಲ. "ಅಪ್ಪಿ ಕಡ್ಡಿ ಕೊಟ್ಟದ್ದು ಮಾತ್ರ. ಕುದಿಸಿದ್ದು ನಾನು, ಕುಡಿಸಿದ್ದು ನಾನು. ಠಾಣೆಗೆ ಹೋಗುದಾದ್ರೆ ಮೊದಲು ನನ್ನ ಹೆಸರು ಬರೆಸಿ. ಆದರೆ ಇವನನ್ನು ಒಮ್ಮೆ ಪುತ್ತೂರಿಗೆ ಕರ್ಕೊಂಡು ಹೋಗಿ. ಒಂದು ದಿನ ತಡವಾದ್ರೆ ಈ ಜ್ವರದಲ್ಲಿ ಯಾರೂ ಸಾಯುದಿಲ್ಲ. ಮಾತ್ರೆ ತಿಂದ ಮೇಲೆ ವಾಪಸು ತೆಗೀಲಿಕ್ಕೆ ಆಗುದಿಲ್ಲ."

ಮಾಥ್ಯೂ ನಿಧಾನಕ್ಕೆ ಮಾತ್ರೆಯನ್ನು ಜಗಲಿಯ ದಂಡೆಯ ಮೇಲಿಟ್ಟ. "ನಾನು ಚೇಚ್ಚಿಯ ಒಟ್ಟಿಗೆ ಹೋಗ್ತೇನೆ ಅಪ್ಪಚ್ಚಾ," ಎಂದ, ಅತ್ತಿಗೆಯತ್ತ ಸರಿದು.

ಚೆರಿಯನ್ ಗೋಣಿಯ ಕಟ್ಟನ್ನು ಜೀಪಿನ ಮುಂದಿನ ಸೀಟಿನಲ್ಲಿಟ್ಟರು. "ಹತ್ತಿ. ಹೊಳೆದರೆ ಅಲ್ಲಿಂದಲೇ ಸೀದಾ ಠಾಣೆಗೆ."

ಜೀಪು ಗುಡ್ಡ ಇಳಿಯಿತು. ತಿರುವುಗಳಲ್ಲಿ ಪಾತ್ರೆ ಸೀಟಿಗೆ ಬಡಿದು ಸದ್ದು ಮಾಡುತ್ತಿತ್ತು. ಹೊಳೆದರೆ ಅಪ್ಪಿಯ ಗತಿ ಏನು ಎಂದು ರೋಸಿಲಿ ಯೋಚಿಸಿದಳು. ಹೊಳೆಯದಿದ್ದರೆ ಮಾಥ್ಯೂನ ಮೈಯಲ್ಲೂ ಅದೇ ದೋಷ. ಯಾವುದನ್ನು ಬೇಡಿಕೊಳ್ಳುವುದೆಂದೇ ತಿಳಿಯಲಿಲ್ಲ.

ಆಸ್ಪತ್ರೆಗೆ ಮುಟ್ಟುವಾಗ ಸಂಜೆಯಾಗಿತ್ತು. ಜೋಸ್‌ಗೆ ಉಸಿರಿತ್ತು, ನಿದ್ದೆಯಲ್ಲಿದ್ದ. ಡಾಕ್ಟರು ಮಾಥ್ಯೂನ ಬೆರಳು ಚುಚ್ಚಿ ರಕ್ತ ತೆಗೆದರು. ಕಾಗದದ ಮೇಲೆ ಮತ್ತೆ ಎರಡು ಚುಕ್ಕಿ ಬಿದ್ದವು. ಅವು ಒಣಗುವವರೆಗೆ ಕಾಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಸಿಸಿಲಿ ಕೋಣೆಯೊಳಗೆ ಬರಲೊಪ್ಪದೆ ಬಾಗಿಲಾಚೆ ನಿಂತರು.

ದೀಪ ಹತ್ತಿತು. ಎಡಗಡೆಯ ಚುಕ್ಕಿ, ಡಾಕ್ಟರದ್ದು, ನೀಲಿಯಾಗಿ ಬೆಳಗಿತು. ಬಲಗಡೆ ಏನೂ ಇರಲಿಲ್ಲ. ಅಲ್ಲಿ ಚುಕ್ಕಿ ಇಟ್ಟದ್ದೇ ಸುಳ್ಳು ಎಂಬಂತೆ ಕತ್ತಲು. ಚೆರಿಯನ್ ಬಗ್ಗಿ ನೋಡಿದರು. ಕಾಗದವನ್ನು ತಾವೇ ದೀಪದ ಹತ್ತಿರಕ್ಕೆ ಸರಿಸಿ ನೋಡಿದರು. ಹೊಳೆಯಲಿಲ್ಲ.

"ಆ ಮಾತ್ರೆ ಇವತ್ತು ತಿಂದಿದ್ದರೆ ಇವನೂ ಪಕ್ಕದ ಹಾಸಿಗೆಯಲ್ಲಿ ಮಲಗಬೇಕಿತ್ತು," ಎಂದರು ಡಾಕ್ಟರು. "ಬಿಳಿ ಮಾತ್ರೆ ಕೊಡಿ, ಜ್ವರಕ್ಕೆ ಅದು ಸಾಕು."

ಬಾಗಿಲಾಚೆಯಿಂದ ಸಿಸಿಲಿಯ ಸ್ವರ ಬಂತು. "ನನ್ನ ಅಣ್ಣ ವರ್ಕಿ ಹೀಗೇ ಹೋದದ್ದು."

ಎಲ್ಲರೂ ತಿರುಗಿದರು. ಅವರು ಬಾಗಿಲ ದಾರಂದ ಹಿಡಿದುಕೊಂಡಿದ್ದರು.

"ಜ್ವರಕ್ಕೆ ಎಂತದೋ ಮಾತ್ರೆ ಕೊಟ್ಟಿದ್ದರು. ಮತ್ತೆ ಹೀಗೇ ಕಪ್ಪು ಮೂತ್ರ. ಅತ್ತಿಗೆ ಸೊಪ್ಪಿನ ಪಲ್ಯ ಮಾಡಿ ಹಾಕಿದ್ದಳು. ಅದರಲ್ಲಿ ವಿಷ ಅಂತ ಹೇಳಿ ನಾವೆಲ್ಲ ಅವಳನ್ನು ತವರಿಗೆ ಅಟ್ಟಿದೆವು. ಆಗ ಈ ದೀಪ ಇತ್ತಾ ಡಾಕ್ಟ್ರೆ?"

"ಆಗ ಇದನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ ಅಮ್ಮಾ."

ಸಿಸಿಲಿ ತಲೆಯಾಡಿಸಿದರು. ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ರೋಸಿಲಿ ಹೊರಗೆ ಬಂದಾಗ, ಮಾವ ಚರಂಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಪಾತ್ರೆಯನ್ನು ಬರಿದು ಮಾಡುತ್ತಿದ್ದರು. ಅವಳನ್ನು ಕಂಡು ಮುಖ ತಿರುಗಿಸಿದರು. "ಬೆಳಿಗ್ಗೆಯಿಂದ ನೀನು ಏನೂ ತಿಂದಿಲ್ಲ. ಹೋಟೆಲಿನಿಂದ ಏನಾದ್ರೂ ತರ್ತೇನೆ," ಎಂದಷ್ಟೇ ಹೇಳಿದರು.

ಜೋಸ್ ಎದ್ದು ಕೂರಲು ನಾಲ್ಕೈದು ದಿನ ಹಿಡಿಯಿತು. ನಡುವೆ ಒಮ್ಮೆ ಮೂತ್ರವೇ ನಿಂತು ಡಾಕ್ಟರ ಮುಖವೂ ಸಣ್ಣದಾಗಿತ್ತು. ಆಮೇಲೆ ಬಣ್ಣ ತಿಳಿಯಾಗುತ್ತಾ ಬಂತು. ಮನೆಗೆ ಮರಳಿದ ಮರುದಿನ ಚೆರಿಯನ್ ಕೆಳಗಿನ ಅಂಗಳಕ್ಕೆ ಇಳಿದು ಹೋಗಿ, "ಮಾತ್ರೆ ಆಗದೇ ಆದದ್ದಂತೆ ಬೋಜ. ನಾನು ಹಾಗೆ ಹೇಳಬಾರದಿತ್ತು," ಎಂದರು. ಬೋಜ ಜೋಸ್‌ನ ಆರೋಗ್ಯ ವಿಚಾರಿಸಿ, ಕುಡಿಯಲು ನೀರು ಬೆಲ್ಲ ಕೊಟ್ಟ. ಅಪ್ಪಿ ಹೊರಗೆ ಬರಲಿಲ್ಲ.

ತೋಡಿನ ಬದಿಯಲ್ಲಿ ಅವಳು ಸಿಕ್ಕಿದಾಗ ರೋಸಿಲಿ ನಡೆದದ್ದೆಲ್ಲ ಹೇಳಿದಳು. ಅಪ್ಪಿ ಬಟ್ಟೆ ಹಿಂಡುತ್ತಾ ಕೇಳಿದಳು. ಕೊನೆಗೆ, "ನಿನ್ನ ಮೈದುನನದ್ದು ಹೊಳೆದಿದ್ರೆ?" ಎಂದಳು.

ಅಪ್ಪಿ ಬಾಲ್ದಿ ಎತ್ತಿಕೊಂಡು ಹೋದಳು.

ಮುಂದಿನ ತಿಂಗಳು ಡಾಕ್ಟರ್ ಈಶ್ವರಿ ದೀಪ ಹಿಡಿದುಕೊಂಡು ಕಡಬಕ್ಕೇ ಬಂದರು. ಮಾತ್ರೆ ಕೊಡುವ ಮೊದಲು ಒಮ್ಮೆ ಎಲ್ಲರ ರಕ್ತ ನೋಡಿಬಿಡೋಣ ಎಂದು ಸುಂದರನೇ ಮನೆ ಮನೆಗೆ ಹೋಗಿ ಹೇಳಿ ಬಂದಿದ್ದ. ಶಾಲೆಯ ಒಂದು ಕೋಣೆಯ ಕಿಟಕಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿದ್ದರು. ಹೊರಗಿನ ಜಗಲಿಯಲ್ಲಿ ಬೆರಳಿಗೆ ಹತ್ತಿ ಒತ್ತಿಕೊಂಡ ಜನ ಸಾಲಾಗಿ ಕುಳಿತಿದ್ದರು. ಅಪ್ಪಿಯೂ ಮಗುವನ್ನು ಎತ್ತಿಕೊಂಡು ಬಂದಳು. ರೋಸಿಲಿ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಅಪ್ಪಿ ನಿಂತೇ ಇದ್ದಳು. ಸಾಲು ಉದ್ದವಿತ್ತು, ಮಗು ಭಾರವಿತ್ತು. ಸುಮಾರು ಹೊತ್ತಾದ ಮೇಲೆ, ಅವಳ ಮುಖ ನೋಡದೆಯೇ, ಮಗುವನ್ನು ಮಾತ್ರ ರೋಸಿಲಿಯ ಪಕ್ಕದಲ್ಲಿ ಕೂರಿಸಿದಳು.