ಟೆಸ್ಟಿನ ವಾರದ ಪಥ್ಯ

ನಮ್ಮಣ್ಣನಿಗೆ ಸಕ್ಕರೆ ಕಾಯಿಲೆ. ಟೆಸ್ಟು ಹತ್ತಿರ ಬಂತೆಂದರೆ ಸಾಕು, ಮನೆಯಲ್ಲೆಲ್ಲ ಗೊತ್ತಾಗುತ್ತಿತ್ತು. ಟೀಗೆ ಸಕ್ಕರೆ ಬೇಡ, ರಾತ್ರಿ ಊಟ ಅರ್ಧಕ್ಕರ್ಧ, ಬೆಳಿಗ್ಗೆ ಬಿರಬಿರನೆ ನಡಿಗೆ. ಆ ಒಂದು ವಾರ ಮಾತ್ರೆಯನ್ನೂ ತಪ್ಪಿಸುತ್ತಿರಲಿಲ್ಲ. ರಕ್ತ ಕೊಟ್ಟು ಬರುವಾಗ ಮಾತ್ರ ಬೇಕರಿ ಮುಂದೆ ಕಾಲು ತಾನಾಗಿ ನಿಲ್ಲುತ್ತಿತ್ತು.

"ಏನಣ್ಣಾ, ಪರೀಕ್ಷೆ ಹಿಂದಿನ ದಿನ ಓದೋ ಹುಡುಗರ ಥರ ಆಯ್ತಲ್ಲ ನಿನ್ನ ಕಥೆ!" ಎಂದು ನಾನು ಛೇಡಿಸಿದರೆ ನಗುತ್ತಿದ್ದ.

"ಪಾಸಾಗ್ತಿದೀನಾ ಇಲ್ವಾ? ಅಷ್ಟು ಹೇಳು."

ಅಣ್ಣ ಟೇಲರ್. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಬಟ್ಟೆ ಕತ್ತರಿಸಿ ಹೊಲಿಯುತ್ತಾನೆ, ಅತ್ತಿಗೆ ಇಸ್ತ್ರಿ ಹಾಕುತ್ತಾಳೆ, ಕಾಜಾ ಗುಂಡಿ ನನ್ನ ಪಾಲಿಗೆ. ಕೋಟಿನ ಜೇಬನ್ನು ಅವನು ಕೂರಿಸಿದರೆ ಬಟ್ಟೆಯ ಗೆರೆಗೆ ಗೆರೆ ಸೇರಿ, ಜೇಬು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಅವನು ತೋರಿಸುತ್ತಿದ್ದುದು ದೊಡ್ಡಾಸ್ಪತ್ರೆಯ ಹಾರ್ಮೋನು ತಜ್ಞೆಗೆ. ಬೋರ್ಡಿನ ಮೇಲೆ ಎಂಡೋಕ್ರೈನಾಲಜಿಸ್ಟ್ ಎಂದು ಬರೆದಿದೆ. ಅಷ್ಟುದ್ದಕ್ಕೆ ನಾಲಿಗೆ ಹೊರಳದ ನಾವೆಲ್ಲ ಶುಗರ್ ಡಾಕ್ಟ್ರಮ್ಮ ಅನ್ನುತ್ತೇವೆ. ಈ ಕೆಲಸದಲ್ಲೇ ತಲೆ ನರೆತ ಹೆಂಗಸು. ಯಾರೇ ಬರಲಿ, ಚಪ್ಪಲಿ ಬಿಡಿಸಿ, ತಾವೇ ಬಗ್ಗಿ ಪಾದ ನೋಡುತ್ತಾರೆ.

"ನನ್ನ ಜೊತೆ ಓದಿದವರೆಲ್ಲ ಆಪರೇಷನ್ ಮಾಡೋ ಡಾಕ್ಟರಾದ್ರು," ಎಂದು ಒಮ್ಮೆ ಹೇಳಿದ್ದರು. "ನಾನು ನೋಡಿ, ನೋವೇ ಕೊಡದ ಕಾಯಿಲೆ ಹಿಂದೆ ಬಿದ್ದೆ. ನೋವಿಲ್ಲ ಅಂದ್ಮೇಲೆ ಮಾತು ಯಾರು ಕೇಳ್ತಾರೆ?"

ಅಣ್ಣನೂ ಕೇಳಲಿಲ್ಲ. ಡಾಕ್ಟ್ರಮ್ಮ ಎರಡು ಕೆಲಸ ಹೇಳಿದ್ದರು: ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿ ಕಣ್ಣಿನ ಒಳಪರದೆಯ ತಪಾಸಣೆ. ಇವನು ಖಾಲಿ ಹೊಟ್ಟೆಯ ರಕ್ತ ಮಾತ್ರ ಕೊಟ್ಟು ಬರುತ್ತಿದ್ದ. ಸರಾಸರಿಯದ್ದು ಮಾಡಿಸಿದರೆ ಬೇಕರಿಯ ಬನ್ನಿನ ಗುಟ್ಟು ಹೊರಬೀಳುತ್ತಲ್ಲ!

ಕಣ್ಣಿನ ಮಾತೆತ್ತಿದರೆ ಅತ್ತಿಗೆಯ ಮೇಲೇ ರೇಗುತ್ತಿದ್ದ. "ಡ್ರಾಪ್ಸ್ ಹಾಕಿದ್ರೆ ಅರ್ಧ ದಿನ ಎಲ್ಲಾ ಮಂಜು ಮಂಜು. ಹೊಲಿಗೆ ನಿಮ್ಮಪ್ಪ ಬಂದು ಮಾಡ್ತಾರಾ? ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣುತ್ತೆ ನಂಗೆ. ಇನ್ನೇನು ನೋಡ್ಬೇಕು ಅವರು?"

ಒಂದು ಬೆಳಿಗ್ಗೆ ಬಿಳಿ ಕೋಟಿನ ಬಟ್ಟೆ ಹಾಸಿಕೊಂಡು ಕೂತವನು ಅದನ್ನು ಕೊಡವುತ್ತಲೇ ಇದ್ದ.

"ಇದೆಂಥ ದಾರವೇ ಇದು, ಹಿಡಿಯೋಕೆ ಹೋದ್ರೆ ಜಾರುತ್ತೆ!"

ನಾನು ಬಗ್ಗಿ ನೋಡಿದೆ. ಬಟ್ಟೆಯ ಮೇಲೆ ಏನೂ ಇರಲಿಲ್ಲ. "ಒಂದೊಂದೇ ಕಣ್ಣು ಮುಚ್ಚಿ ನೋಡಣ್ಣಾ," ಎಂದೆ. ಅವನು ಎಡಗಣ್ಣು ಮುಚ್ಚಿದ, ದಾರ ಮಾಯ. ತೆರೆದ, ಮತ್ತೆ ಬಂತು. ಸಂಜೆಯ ಹೊತ್ತಿಗೆ ಆ ಕಣ್ಣಿಗೆ ಪೂರಾ ಕತ್ತಲು.

ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಒಳಗೆ ರಕ್ತ ಸೋರಿದೆ, ಪರದೆ ಕಿತ್ತು ಬಂದಿದೆ, ತುಂಬಾ ತಡವಾಗಿದೆ ಎಂದರು. ಬಲಗಣ್ಣಿನಲ್ಲೂ ಶುರುವಾಗಿದೆ. ಬೇಗ ಲೇಸರ್ ಮಾಡಿಸಬೇಕು, ಸಕ್ಕರೆ ಹತೋಟಿಗೆ ಬರಬೇಕು, ಅದಕ್ಕೆ ಇನ್ಸುಲಿನ್ ಬೇಕಾಗಬಹುದು ಎಂದರು.

ಅಣ್ಣ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. "ಇನ್ಸುಲಿನ್ ಅಂದ್ರೆ ಕೊನೆ ಸ್ಟೇಜು ಕಣೇ. ಲೇಸರ್ ಅಂತ ಸುಟ್ಟು ಈ ಕಣ್ಣನ್ನೂ ಕಳೀತಾರೆ. ಯಾವುದೂ ಬೇಡ."

ಅತ್ತಿಗೆ ಅಳಲಿಲ್ಲ, ಬೈಯಲೂ ಇಲ್ಲ. ಮರುದಿನ ಅವನ ಅಂಗಿ ತಂದು ಮುಂದಿಟ್ಟಳು. "ಏಳಿ, ಡಾಕ್ಟ್ರಮ್ಮನ ಹತ್ರ ಹೋಗೋಣ. ಬೇಡ ಅನ್ನೋದನ್ನ ಅವರೆದುರೇ ಅನ್ನಿ."

ಡಾಕ್ಟ್ರಮ್ಮ ಈಗ ಝಾಡಿಸುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಅಣ್ಣನ ಪಕ್ಕಕ್ಕೇ ಬಂದು ಕೂತರು.

"ಟೆಸ್ಟಿನ ವಾರ ಮಾತ್ರ ಪಥ್ಯ ಮಾಡ್ತಿದ್ರಿ, ಅಲ್ವಾ?"

ಅಣ್ಣ ತಲೆ ತಗ್ಗಿಸಿದ. "ನೀವು ಬೈತೀರ ಅಂತ..."

"ಬೈತಿದ್ದೆ, ನಿಜ. ಹೆದರಿದವರು ನಿಜ ಹೇಳಲ್ಲ ಅಂತ ನಂಗೆ ಹೊಳೀಲೇ ಇಲ್ಲ. ಹೊರಗೆ ಸಾಲು ನಿಂತಿರೋರು. ನಂಬರ್ ಚೆನ್ನಾಗಿದೆ, ಹೋಗಿ ಬನ್ನಿ ಅಂತ ಕಳಿಸಿಬಿಡ್ತಿದ್ದೆ. ಸರಾಸರಿ ರಿಪೋರ್ಟ್ ಎಲ್ಲಿ, ಕಣ್ಣು ತೋರಿಸಿದ್ರಾ ಅಂತ ಹಿಡಿದು ಕೂರಿಸಿ ಕೇಳ್ಬೇಕಿತ್ತು." ಅವರ ದನಿ ಸಣ್ಣಗಾಯಿತು. "ಇಷ್ಟು ವರ್ಷ ಇದೇ ಕೆಲಸ ಮಾಡಿ, ಇದೊಂದು ತಪ್ಪಿಹೋಯ್ತು ನೋಡಿ."

"ಎಡಗಣ್ಣು?" ಅಣ್ಣ ಕೇಳಿದ.

"ಇಲ್ಲಪ್ಪಾ. ಅದು ಬರಲ್ಲ."

ಗಂಡಸು ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ. ಡಾಕ್ಟ್ರಮ್ಮ ಅವನ ಕೈ ಹಿಡಿದುಕೊಂಡೇ ಹೇಳಿದರು: "ಲೇಸರ್ ಮಾಡೋದು ಇರೋ ದೃಷ್ಟಿ ಉಳಿಸೋಕೆ. ಇನ್ಸುಲಿನ್ ಕೊನೆ ಸ್ಟೇಜಲ್ಲ, ನಿಮ್ಮ ಮೈಯಲ್ಲಿ ಕಮ್ಮಿಯಾಗಿರೋದನ್ನ ಹೊರಗಿಂದ ಕೊಡೋದು, ಅಷ್ಟೇ. ಬಲಗಣ್ಣನ್ನ ಕಾಪಾಡ್ಕೊಳ್ಳೋಣ. ಈ ಸಲ ನಿಜ ನಂಬರ್ ತನ್ನಿ, ಎಷ್ಟೇ ಇರಲಿ, ನಾನು ಬೈಯಲ್ಲ."

"ದಿನವಿಡೀ ಸೂಜಿ ಹಿಡಿಯೋರಿಗೆ ಈ ಸಣ್ಣ ಸೂಜಿ ಭಯವೇನ್ರೀ?" ಎಂದಳು ಅತ್ತಿಗೆ. ಅಳುತ್ತಲೇ ನಕ್ಕ ಅಣ್ಣ. ಹೂಂ ಅಂದ.

ಲೇಸರ್ ಆಯಿತು. ಇನ್ಸುಲಿನ್ ಹೊತ್ತುಹೊತ್ತಿಗೆ ನಡೆದಿದೆ. ಮನೆಯಲ್ಲಿ ಪಥ್ಯ ಈಗ ಎಲ್ಲ ವಾರವೂ ಇದೆ, ಎಲ್ಲರಿಗೂ ಇದೆ. ನಾನೂ ಅತ್ತಿಗೆಯೂ ರಕ್ತ ಪರೀಕ್ಷೆ ಮಾಡಿಸಿದೆವು. ಅಣ್ಣನ ಬಲಗಣ್ಣು ಉಳಿದಿದೆ. ಆದರೆ ಕೋಟಿನ ಆರ್ಡರ್ ಬಂದರೆ ಬೇರೆ ಟೇಲರ್ ಹತ್ತಿರ ಕಳಿಸುತ್ತಾನೆ. ಒಂದೇ ಕಣ್ಣಿಗೆ ಗೆರೆ ಕೂಡುವುದಿಲ್ಲ. ಗಿರಾಕಿ ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ನಿಂತಿರುತ್ತಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮಗೋ ನಿಮ್ಮ ಮನೆಯವರಿಗೋ ಸಕ್ಕರೆ ಕಾಯಿಲೆ ಇದೆಯೇ? ಟೆಸ್ಟಿಗಾಗಿ ಪಥ್ಯ ಮಾಡಬೇಡಿ, ನಿಮಗಾಗಿ ಮಾಡಿ. ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಇದ್ದದ್ದನ್ನು ಇದ್ದಂತೆ ಹೇಳಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಎಲ್ಲ ಚೆನ್ನಾಗಿ ಕಾಣುತ್ತಿದೆಯಲ್ಲ, ಯಾಕೆ ಹೋಗಬೇಕು ಅನ್ನುತ್ತೀರಾ? ಕಾಣುತ್ತಿರುವಾಗಲೇ ಹೋಗಿ.