ದೇವಾಲಯದಲ್ಲಿ ಮಲಗಿದವರು

ಕಾಯಿಲೆ ಊರಿಗೆ ಕಾಲಿಟ್ಟ ವಾರವೇ ದೇವಾಲಯಕ್ಕೆ ಬೀಗ ಬಿತ್ತು. ಹಾಕಿದವರು ಆ ಚರ್ಚಿನ ಪಾದ್ರಿಯಾದ ಸಭಾಪಾಲಕರೇ. ಸಭೆಯವರೆಲ್ಲ ಅಯ್ಯನವರು ಎಂದು ಕರೆಯುವ ಅವರಿಗೆ ಬೀಗ ಹಾಕುವಾಗ ಮನಸ್ಸಿನಲ್ಲಿ ಗೊಂದಲವಿರಲಿಲ್ಲ. ಜನ ಗುಂಪು ಸೇರಬಾರದೆಂದು ಸರ್ಕಾರ ಹೇಳಿತ್ತು. ಅವರಿಗೂ ಅದು ಸರಿಯೆನಿಸಿತ್ತು. ಗೊಂದಲ ಶುರುವಾದದ್ದು ಆಮೇಲೆ.

ಭಾನುವಾರದ ಆರಾಧನೆ ಫೋನಿಗೆ ಬಂತು. ಹಾಡಿನ ಪುಸ್ತಕಗಳನ್ನು ಪೇರಿಸಿ, ಅದಕ್ಕೆ ಫೋನು ಆನಿಸಿ, ಊಟದ ಮೇಜಿನ ಮುಂದೆ ನಿಂತು ಅವರು ಬೈಬಲ್ ಪ್ರಸಂಗ ಮಾಡುತ್ತಿದ್ದರು. ಒಬ್ಬರ ಮನೆಯ ಕುಕ್ಕರ್ ಕೂಗುತ್ತಿತ್ತು, ಇನ್ನೊಬ್ಬರ ಮನೆಯ ಗಂಡ ಹೆಂಡಿರ ಜಗಳ ಸಭೆಗೆಲ್ಲ ಕೇಳುತ್ತಿತ್ತು. ಇವರು "ಆಮೆನ್" ಎಂದರೆ ತಿರುಗಿ ಬರುತ್ತಿದ್ದದ್ದು ಹೆಬ್ಬೆರಳಿನ ಚಿತ್ರ. ಎದುರಿಗೆ ಯಾರೂ ಇಲ್ಲದೆ ಮಾತಾಡಿ ಮಾತಾಡಿ, ಹೇಳುತ್ತಿರುವುದನ್ನು ತಾವೇ ನಂಬುತ್ತಿದ್ದೇವೋ ಇಲ್ಲವೋ ಎಂಬುದೂ ಅವರಿಗೆ ತಿಳಿಯದಾಯಿತು.

ಅಷ್ಟರಲ್ಲಿ ಬಡಗಿಯಣ್ಣನ ತಂದೆ ತೀರಿಕೊಂಡರು. ಬಡಗಿಯಣ್ಣ ಸಭೆಯ ಹಿರಿಯರಲ್ಲೊಬ್ಬ. ದೇವಾಲಯದ ಬೆಂಚುಗಳನ್ನೆಲ್ಲ ಅಪ್ಪ ಮಗ ಸೇರಿಯೇ ಮಾಡಿದ್ದು. ಮುದುಕರು ಹೋದದ್ದು ಆ ಕಾಯಿಲೆಯಿಂದಲ್ಲ, ಎದೆಬಡಿತ ನಿಂತು. ಆದರೂ ಪೆಟ್ಟಿಗೆಯನ್ನು ವ್ಯಾನಿನಲ್ಲಿ ತಂದು ಗೇಟಿನ ಮುಂದೆ ನಿಲ್ಲಿಸಿದಾಗ ಅಯ್ಯನವರು ಬಾಗಿಲು ತೆಗೆಯಲಿಲ್ಲ.

"ಸ್ವಲ್ಪ ಹೊತ್ತು ಒಳಗಿಡೋಣ ಅಯ್ಯನವರೇ. ಅವರ ಕೈಯಾರೆ ಮಾಡಿದ ಬೆಂಚುಗಳ ಮಧ್ಯೆ."

"ನಿನಗೆ ತೆಗೆದ್ರೆ ನಾಳೆ ಎಲ್ಲರಿಗೂ ತೆಗೀಬೇಕಾಗುತ್ತಪ್ಪ."

ಬೀದಿಯಲ್ಲೇ ನಿಂತು ಪ್ರಾರ್ಥನೆ ಮುಗಿಸಿದರು. ಬಡಗಿಯಣ್ಣ ಹತ್ತಿ ಪೆಟ್ಟಿಗೆಯ ಪಕ್ಕ ಕೂತ. ವ್ಯಾನು ಸ್ಮಶಾನದ ಕಡೆ ಹೊರಟಿತು.

ಅಯ್ಯನವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಕೆಲವು ವಾರಗಳ ನಂತರ ಆಕೆಯನ್ನು ಆ ಕಾಯಿಲೆಯವರ ವಾರ್ಡಿಗೆ ಹಾಕಿದರು. ಮನೆಯಲ್ಲಿ ಉಬ್ಬಸದ ಅತ್ತೆ, ಒಂದೇ ಬಚ್ಚಲು. ಮೊದಲ ಪಾಳಿ ಮುಗಿಸಿ ಬಂದವಳು ಬಾಗಿಲ ಹೊರಗೇ ನಿಂತಳು.

"ರೀ, ನಾನು ಒಳಗೆ ಬರಲ್ಲ. ದೇವಾಲಯದ ಬೀಗದಕೈ ಕೊಡಿ. ಅಲ್ಲಿ ಹಿಂದುಗಡೆ ಬಚ್ಚಲಿದೆ, ಅಲ್ಲೇ ಇರ್ತೀನಿ. ಇನ್ನೊಂದು ಮಾತು. ನಮ್ಮ ವಾರ್ಡಿನ ಇಬ್ಬರು ಹುಡುಗೀರನ್ನ ಮನೆ ಓನರ್ ಹೊರಗೆ ಹಾಕಿದ್ದಾನೆ. ಅವರೂ ಬರ್ತಾರೆ."

"ಹಿರಿಯರನ್ನ ಒಂದು ಮಾತು ಕೇಳಬೇಕಲ್ವೇನೇ?"

"ಕೇಳಿ. ಅಲ್ಲೀತನಕ ಫುಟ್‌ಪಾತ್ ಮೇಲೆ ಕೂತಿರ್ತೀವಿ."

ಅಯ್ಯನವರು ಬೀಗದಕೈಯನ್ನು ಆಕೆಯತ್ತ ಎಸೆದರು. ಒಳಗಿನಿಂದ ಅವರ ತಾಯಿ ಕೂಗಿದರು: "ಸೊಸೆ ಯಾಕೋ ಒಳಗೆ ಬರ್ತಿಲ್ಲ? ಜಗಳ ಆಡಿದ್ಯಾ?"

"ಇಲ್ಲಮ್ಮ," ಎಂದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹಿರಿಯರೆಲ್ಲ ಫೋನಿನಲ್ಲಿ ಸೇರಿದರು. ಟೀಚರಮ್ಮ ಒಳ್ಳೇ ಕೆಲಸ ಅಂದರು. ಖಜಾಂಚಿಗಳು ಕೈ ಬೀಸಿ ಬೀಸಿ ಮಾತಾಡಿದರು. ಮೈಕು ಆನ್ ಮಾಡಿರದ ಅವರ ದನಿ ಮಾತ್ರ ಯಾರಿಗೂ ಕೇಳಲಿಲ್ಲ. ಕೊನೆಗೆ ಬಡಗಿಯಣ್ಣ ಬಾಯಿಬಿಟ್ಟ.

"ಅಕ್ಕನೋರು ಅಲ್ಲಿರೋದು ತಪ್ಪು ಅಂತಿಲ್ಲ ನಾನು. ನಮ್ಮಪ್ಪನಿಂದ ಯಾರಿಗೂ ಏನೂ ಅಂಟ್ತಿರಲಿಲ್ಲ, ಅವರಿಗೆ ಬಾಗಿಲು ತೆಗೀಲಿಲ್ಲ. ಈಗ ತೆಗೆದ್ರಿ. ಆವತ್ತು ಮಾಡಿದ್ದು ಸರೀನೋ, ಇವತ್ತು ಮಾಡಿದ್ದು ಸರೀನೋ? ಅಷ್ಟು ಹೇಳಿಬಿಡಿ."

ಪರದೆಯ ಮೇಲೆ ಅಯ್ಯನವರ ಬಾಯಿ ತೆರೆಯಿತು.

"ಅಯ್ಯನವರೇ, ಕೇಳಿಸ್ತಿಲ್ಲ," ಎಂದರು ಟೀಚರಮ್ಮ.

ಅಯ್ಯನವರು ಏನನ್ನೂ ಹೇಳಿರಲೇ ಇಲ್ಲ.

ಮರುದಿನ ಬಡಗಿಯಣ್ಣನ ಅಂಗಡಿಗೆ ನಡೆದೇ ಹೋದರು. ಅವನು ಹಲಗೆಯೊಂದನ್ನು ಉಜ್ಜುತ್ತಿದ್ದ. ಮರದ ಪುಡಿ ಮುಖಗವಸಿನ ಮೇಲೂ ಕೂತಿತ್ತು.

"ಉತ್ತರ ತಂದ್ರಾ?"

"ಇಲ್ಲಪ್ಪ. ದಾರಿಯುದ್ದ ಯೋಚನೆ ಮಾಡ್ದೆ. ಒಂದ್ಸಲ ಆವತ್ತಿಂದು ಸರಿ ಅನ್ಸುತ್ತೆ, ಒಂದ್ಸಲ ಇವತ್ತಿಂದು. ಒಂದೊಂದ್ಸಲ ಎರಡೂ ತಪ್ಪು ಅನ್ಸುತ್ತೆ. ಎಲ್ಲ ಮುಗಿದ ಮೇಲೆ ನಿಮ್ಮಪ್ಪನ ಹೆಸರಲ್ಲಿ ಒಳಗೇ ಆರಾಧನೆ ಮಾಡೋಣ."

"ಯಾರನ್ನ ಮಲಗಿಸಿ ಮಾಡ್ತೀರಿ?"

ಬಡಗಿಯಣ್ಣ ಬೈದಿದ್ದರೆ ಬೈಸಿಕೊಂಡು ಬರಬಹುದಿತ್ತು. ಅವನು ಹಲಗೆಯತ್ತ ತಿರುಗಿಕೊಂಡ. ಅಯ್ಯನವರು ಬಂದ ದಾರಿಯಲ್ಲೇ ಮನೆಗೆ ನಡೆದರು.

ಕಾಯಿಲೆ ಇಳಿದ ಮೇಲೆ ನರ್ಸ್ ಹುಡುಗಿಯರು ಹೊಸ ಬಾಡಿಗೆ ಮನೆಗೆ ಹೋದರು, ಹೆಂಡತಿ ಮನೆಗೆ ಬಂದಳು. ಬಾಗಿಲು ತೆರೆದ ಮೊದಲ ಭಾನುವಾರ ಜನ ದೂರ ದೂರ ಕೂತರು. ನರ್ಸುಗಳು ಯಾವ ಬೆಂಚಿನ ಮೇಲೆ ಮಲಗಿದ್ದರೋ ಎಂದು ಕೆಲವರು ಕರವಸ್ತ್ರ ಹಾಸಿಕೊಂಡರು. ಬಡಗಿಯಣ್ಣನೂ ಬಂದ. ಅವನನ್ನು ಕಂಡದ್ದೇ ತಡ, ಅಯ್ಯನವರಿಗೆ ಪ್ರಸಂಗದ ಎಳೆ ತಪ್ಪಿಹೋಯಿತು. ಹೇಗೋ ಮುಗಿಸಿದರು.

ಆರಾಧನೆಯಾದ ಮೇಲೆ ಅವನು ನೇರವಾಗಿ ಅವರ ಹೆಂಡತಿಯ ಹತ್ತಿರ ಹೋದ.

"ಇಲ್ಲಿ ನಿದ್ದೆ ಬರ್ತಿತ್ತಾ ಅಕ್ಕಾ?"

"ಬರ್ತಿತ್ತಣ್ಣ. ವಾರ್ಡಿಂದ ಬಂದು ಬೆಂಚಿಗೆ ಮೈ ತಾಗಿಸಿದ್ರೆ ಸಾಕು."

"ಹೂಂ," ಎಂದವನು ಬೆಂಚಿನ ಅಂಚನ್ನೊಮ್ಮೆ ಸವರಿ, ಹೊರಟುಹೋದ.

"ಕೋಪ ಹೋಯ್ತು ಅಂತಾನಾ, ಏನು ಇದರರ್ಥ?" ಎಂದು ಅಯ್ಯನವರು ಹೆಂಡತಿಯನ್ನು ಕೇಳಿದರು.

"ನನ್ನನ್ಯಾಕೆ ಕೇಳ್ತೀರಿ? ನನ್ನ ನಿದ್ದೆ ವಿಚಾರಿಸಿದ್ರು, ಹೇಳ್ದೆ," ಎಂದು ಆಕೆ ಕಿಟಕಿಗಳನ್ನು ಮುಚ್ಚಲು ಹೋದಳು.