ಎಡಗಡೆಯ ಗುಂಡಿ

ಆಸ್ಪತ್ರೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಕಾರ್ಖಾನೆಯಲ್ಲಿ ದೊಡ್ಡಕ್ಕನ ಸಿಟ್ಟು ಯಾರಿಗೂ ಹೊಸದಲ್ಲ. ಹದಿನಾರು ವರ್ಷದಿಂದ ಅದು ಅವಳ ಮೂಗಿನ ತುದಿಯಲ್ಲೇ ಇತ್ತು. ಆದರೆ ಈ ಸಲದ ಸಿಟ್ಟಿಗೆ ನ್ಯಾಯವಿತ್ತು. ಆವಿಯ ಪ್ರೆಸ್ಸಿನಲ್ಲಿ ಅವಳ ಒಡಹುಟ್ಟಿದ ತಂಗಿಯ ಎಡಗೈ ಸುಟ್ಟು ಒಂದೂವರೆ ತಿಂಗಳಾಗಿತ್ತು. ಸೋಮವಾರ ತಂಗಿ ಅದೇ ಪ್ರೆಸ್ಸಿಗೆ ವಾಪಸು ಬರಬೇಕು, ಬಾರದಿದ್ದರೆ ಕೆಲಸವಿಲ್ಲ.

ಆ ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒತ್ತಿದರೆ ಮಾತ್ರ ಕಾದ ಹಲಗೆ ಕೆಳಗಿಳಿಯಬೇಕು. ಕೈ ಒಳಗೆ ಸಿಗಬಾರದು ಅಂತಲೇ ಹಾಗೆ ಮಾಡಿದ್ದು. ಮಾಡಿದವನಿಗೆ ಬುದ್ಧಿ ಇತ್ತು. ಇಲ್ಲಿಯವರು ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದು ಟೇಪು ಅಂಟಿಸಿಬಿಟ್ಟಿದ್ದರು. ಬಲಗೈ ಗುಂಡಿ ಒತ್ತುವಾಗ ಎಡಗೈ ದಿಂಬಿನ ಕವರಿನ ಸುಕ್ಕು ಬಿಡಿಸಬಹುದಲ್ಲ! ಕವರಿಗೆ ನಾಲ್ಕು ಸೆಕೆಂಡು ಉಳಿತಾಯವಂತೆ.

ಕೈ ಸುಟ್ಟ ದಿನವೇ ದೊಡ್ಡಕ್ಕ ಮ್ಯಾನೇಜರನ ಕೋಣೆಗೆ ನುಗ್ಗಿ ಅತ್ತಳು, ಕೂಗಾಡಿದಳು. ಆ ಮಹಾರಾಯ ನೀರಿನ ಲೋಟ ಮುಂದೆ ತಳ್ಳಿ, "ಅತ್ತು ಕರೆದು ಮಾಡಿದ್ರೆ ಏನೂ ತಿಳಿಯಲ್ಲಮ್ಮ. ಸಮಾಧಾನವಾಗಿ ಲೆಕ್ಕ ಹಾಕ್ಕೊಂಡು ಬನ್ನಿ" ಅಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ಲೆಕ್ಕವನ್ನೇ ಹಾಕಿದಳು. ಕಣ್ಣೀರಿನ ಒಂದು ಹನಿಯೂ ತಾಗದಂತೆ ಎರಡು ಪುಟ ಬರೆದುಕೊಟ್ಟಳು. "ಚೆನ್ನಾಗಿ ಬರೆದಿದ್ದೀರಿ" ಎಂದು ಅವನು ಅದನ್ನು ಫೈಲಿಗೆ ಸೇರಿಸಿದ. ಫೈಲಿಗೇನು, ಉರಿಯುತ್ತದೆಯೇ?

ಶನಿವಾರ ಊಟದ ಬಿಡುವಿನಲ್ಲಿ ಅವಳು ಅವನನ್ನು ಪ್ರೆಸ್ಸಿನ ಹತ್ತಿರಕ್ಕೇ ಕರೆದಳು. ಸೂಪರ್‌ವೈಸರನೂ ಹಿಂದೆಯೇ ಬಂದ.

"ಸಾರ್, ಟೇಪು ಹಾಕಿ ಹನ್ನೊಂದು ತಿಂಗಳು. ದಿನಕ್ಕೆ ಒಂಬೈನೂರು ಕವರು, ಅಂದ್ರೆ ಒಂದು ಗಂಟೆ ಉಳೀತು. ಒಟ್ಟು ಇನ್ನೂರ ಎಪ್ಪತ್ತೈದು ಗಂಟೆ. ನನ್ನ ತಂಗಿ ನಲವತ್ತು ಪಾಳಿ ಬಂದಿಲ್ಲ. ಅದು ಮುನ್ನೂರ ಇಪ್ಪತ್ತು ಗಂಟೆ. ಉಳಿಸಿದ್ದಕ್ಕಿಂತ ಕಳ್ಕೊಂಡಿದ್ದೇ ಜಾಸ್ತಿ."

"ಇದನ್ನ ಬರೆದು ಕೊಟ್ಟಿದ್ರಲ್ಲ?"

"ಕೊಟ್ಟಿದ್ದೆ. ಬರೀದೇ ಇದ್ದದ್ದು ಒಂದಿದೆ. ಈ ಟೇಪು ಅಂಟಿಸಿದ್ದು ನಾನೇ. ಈ ಸೂಪರ್‌ವೈಸರ್ ಹೇಳಿದ್ರು, ನಾನು ಹಲ್ಲಲ್ಲಿ ಕಚ್ಚಿ ಹರಿದು ಅಂಟಿಸ್ದೆ. ನಿಮ್ಮ ಮೇಲಿರೋ ಸಿಟ್ಟಿನ ಎರಡರಷ್ಟು ನನ್ನ ಮೇಲಿದೆ. ನನ್ನ ತಂಗಿಗೆ ಈಗ ಮಗಳ ಜಡೆ ಹಾಕೋಕಾಗಲ್ಲ. ಆ ಮಗು ನನ್ನ ಮುಂದೆ ಬೆನ್ನು ಹಾಕಿ ಕೂತ್ಕೊಂಡು, 'ದೊಡ್ಡಮ್ಮ, ಅಮ್ಮನ ಬೆರಳು ಯಾವಾಗ ಮಡಚುತ್ತೆ' ಅಂತ ಕೇಳುತ್ತೆ. ಏನು ಹೇಳ್ಲಿ ಸಾರ್?"

ಕಣ್ಣಲ್ಲಿ ನೀರು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ. ಧ್ವನಿ ನಡುಗಿತು, ಆದರೆ ಹೇಳಬೇಕಾದ ಒಂದು ಮಾತೂ ತಪ್ಪಲಿಲ್ಲ.

"ಮಿಷನ್ ಆಫ್ ಇದೆ, ತಣ್ಣಗಾಗಿದೆ. ಸೋಮವಾರ ಅವಳು ಕೈ ಇಡೋ ಜಾಗದಲ್ಲಿ ನಿಮ್ಮ ಕೈ ಇಡಿ. ನಾಲ್ಕೇ ಸೆಕೆಂಡು."

ಮ್ಯಾನೇಜರ್ ಸೂಪರ್‌ವೈಸರನ ಮುಖ ನೋಡಿದ. ಸೂಪರ್‌ವೈಸರ್ ನೆಲ ನೋಡಿದ. ಮ್ಯಾನೇಜರನ ಕೈ ಹಲಗೆಯ ಅಂಚಿನವರೆಗೆ ಹೋಯಿತು, ಅಲ್ಲಿಂದ ಸೀದಾ ಪ್ಯಾಂಟಿನ ಜೇಬು ಸೇರಿತು.

"ಆಫ್ ಇದೆ ಅಂದೆನಲ್ಲ ಸಾರ್?"

"ಗೊತ್ತು" ಅಂದ. ಕೈ ಮಾತ್ರ ಜೇಬಿನಲ್ಲೇ ಇತ್ತು.

ಕೊನೆಗೆ ಅದು ಹೊರಗೆ ಬಂತು. ಅವನು ಬಗ್ಗಿ ಉಗುರಿನಿಂದ ಟೇಪಿನ ಅಂಚು ಹುಡುಕತೊಡಗಿದ. ಹನ್ನೊಂದು ತಿಂಗಳ ಶಾಖಕ್ಕೆ ಅದು ಕಚ್ಚಿಕೊಂಡು ಕೂತಿತ್ತು. ಇಷ್ಟು ಸಣ್ಣ ಕೆಲಸ ಮಾಡಿಸಲು ಒಂದು ಕೈ ಸುಡಬೇಕಾಯಿತಲ್ಲ ಎಂದುಕೊಂಡಳು ದೊಡ್ಡಕ್ಕ. ಟೇಪು ಕಿತ್ತು ಬಂದಾಗ ಗುಂಡಿ ಟಕ್ಕೆಂದು ಮೇಲೆದ್ದಿತು. ಅವನು ಬೆವರು ಒರೆಸಿಕೊಂಡು, "ಈಗ ಸರೀನೇನಮ್ಮ?" ಅಂದ.

"ಇಲ್ಲ ಸಾರ್. ಇನ್ನೂ ಮೂರು ಪ್ರೆಸ್ಸಿಗೆ ಇದೇ ಟೇಪಿದೆ. ಬನ್ನಿ, ಇಬ್ರೂ ಸೇರಿ ಕೀಳೋಣ."